ಜನವರಿ 26ರ ಪೌರತ್ವ ಸಮಾರಂಭಕ್ಕೆ ಹೋಗಬೇಕೇ, ಬೇಡವೇ?

ಪ್ರಶ್ನೆ: ನಾವು ಮೆಲ್ಬರ್ನ್‌ಗೆ ಬಂದು ಏಳು ವರ್ಷವಾಯಿತು. ಪೌರತ್ವದ ಅರ್ಜಿ ಮಂಜೂರಾಗಿ, ಪ್ರಮಾಣ ಸ್ವೀಕರಿಸಲು ಕೌನ್ಸಿಲ್‌ನಿಂದ ಕರೆ ಬಂದಿದೆ. ದಿನಾಂಕ ನೋಡಿದರೆ ಜನವರಿ 26. ಹನ್ನೊಂದು ವರ್ಷದ ಮಗಳು, "ಅಮ್ಮಾ, ಅದು ಆಸ್ಟ್ರೇಲಿಯಾ ಡೇ ಅಲ್ಲ, ಇನ್ವೇಷನ್ ಡೇ ಅಂತೆ. ಅವತ್ತು ಹೋಗೋದು ಬೇಡ" ಅಂತ ಹಟ ಹಿಡಿದು ಕೂತಿದ್ದಾಳೆ. ನಮ್ಮ ಯಜಮಾನರು, "ಉಂಡ ಮನೆಯ ಜಂತೆ ಎಣಿಸಬಾರದು, ಸುಮ್ಮನೆ ಹೋಗಿ ಬರೋಣ" ಅನ್ನುತ್ತಾರೆ. ಅದೇ ದಿನ ಬೆಳಿಗ್ಗೆ ಇಲ್ಲಿನ ಕನ್ನಡದವರೆಲ್ಲ ಸೇರಿ ಗಣರಾಜ್ಯೋತ್ಸವದ ಬಾವುಟ ಹಾರಿಸುವ ರೂಢಿಯೂ ಇದೆ. ಅಷ್ಟಕ್ಕೂ ಆ ದಿನ ಆಗಿದ್ದೇನು? ಒಂದು ದೇಶ ತನ್ನ ಹುಟ್ಟುಹಬ್ಬ ಆಚರಿಸಿಕೊಂಡರೆ ತಪ್ಪೇನು? ನಾವು ಹೋಗಬೇಕೇ, ಬೇಡವೇ?
— ಓದುಗರೊಬ್ಬರು, ಮೆಲ್ಬರ್ನ್

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೋದರೆ ಪಾಪ ಸುತ್ತಿಕೊಳ್ಳುವುದಿಲ್ಲ, ಹೋಗದಿದ್ದರೆ ಪೌರತ್ವ ಕೈತಪ್ಪುವುದೂ ಇಲ್ಲ. ಬೇರೆ ದಿನ ಕೇಳಲು ದಾರಿ ಇದೆ, ಅದನ್ನು ಆಮೇಲೆ ಹೇಳುತ್ತೇನೆ. ಆದರೆ "ದೇಶದ ಹುಟ್ಟುಹಬ್ಬ" ಅಂದಿರಲ್ಲ, ನನ್ನ ತಕರಾರು ಇರುವುದು ಅಲ್ಲಿ. ಜನವರಿ 26 ಆಸ್ಟ್ರೇಲಿಯಾ ಎಂಬ ದೇಶ ಹುಟ್ಟಿದ ದಿನ ಅಲ್ಲವೇ ಅಲ್ಲ.

ಆಸ್ಟ್ರೇಲಿಯಾ ಒಂದು ದೇಶವಾಗಿದ್ದು 1901ರ ಜನವರಿ 1ರಂದು, ಆರು ವಸಾಹತುಗಳು ಒಂದು ಒಕ್ಕೂಟವಾದಾಗ. 1788ರ ಜನವರಿ 26ರಂದು ಆಗಿದ್ದು ಅದಕ್ಕಿಂತ ತುಂಬಾ ಸಣ್ಣ ಸಂಗತಿ. ಅಮೆರಿಕ ಕೈಬಿಟ್ಟು ಹೋದ ಮೇಲೆ ಬ್ರಿಟನ್ನಿಗೆ ತನ್ನ ಕೈದಿಗಳನ್ನು ಸಾಗಹಾಕಲು ಬೇರೆ ಜಾಗ ಬೇಕಾಗಿತ್ತು. ನಮ್ಮವರಿಗೆ ಅಂಡಮಾನಿನ ಕರಿನೀರು ಇದ್ದ ಹಾಗೆ ಅವರಿಗೆ ಈ ಖಂಡ. 1787ರ ಮೇ ತಿಂಗಳಲ್ಲಿ ಪೋರ್ಟ್ಸ್‌ಮತ್‌ನಿಂದ ಹೊರಟ ಹನ್ನೊಂದು ಹಡಗುಗಳು ಎಂಟು ತಿಂಗಳು ಸಮುದ್ರ ಅಲೆದು ಬಾಟನಿ ಬೇ ತಲುಪಿದವು. ಅಲ್ಲಿ ಸಿಹಿನೀರು ಸಾಲದು, ನೆಲವೂ ಸರಿಯಿಲ್ಲ. ಗವರ್ನರ್ ಆರ್ಥರ್ ಫಿಲಿಪ್ ಉತ್ತರಕ್ಕೆ ಹೋಗಿ ಇನ್ನೊಂದು ಕೊಲ್ಲಿ ಹುಡುಕಿದ. ಅಲ್ಲೊಂದು ಸಿಹಿನೀರಿನ ತೊರೆ ಇತ್ತು. ಅಲ್ಲಿದ್ದ ಗ್ಯಾಡಿಗಲ್ ಜನ ಆ ಜಾಗವನ್ನು ವರಾನ್ ಎನ್ನುತ್ತಿದ್ದರು, ಫಿಲಿಪ್ ಸಿಡ್ನಿ ಕೋವ್ ಅಂತ ಹೆಸರಿಟ್ಟ. 26ರಂದು ಬೆರಳೆಣಿಕೆಯ ಜನ ದಡಕ್ಕಿಳಿದು ಕಂಬ ನೆಟ್ಟು, ಬಾವುಟ ಏರಿಸಿ, ರಾಜನ ಹೆಸರಿನಲ್ಲಿ ಮದ್ಯ ಕುಡಿದು, ಬಂದೂಕು ಹಾರಿಸಿದರು. ಇಷ್ಟೇ ಆಗಿದ್ದು. ವಸಾಹತು ಸ್ಥಾಪನೆಯಾಯಿತೆಂದು ವಿಧಿವತ್ತಾಗಿ ಘೋಷಿಸಿದ್ದೂ ಅವತ್ತಲ್ಲ, ಫೆಬ್ರವರಿ 7ರಂದು. ಹೆಣ್ಣು ಕೈದಿಗಳನ್ನು ಹಡಗಿನಿಂದ ಇಳಿಸಿದ್ದು ಅದರ ಹಿಂದಿನ ದಿನ.

ನೀವಿರುವ ಮೆಲ್ಬರ್ನ್‌ಗಂತೂ ಈ ತಾರೀಖಿನ ಜೊತೆ ಯಾವ ನೆಂಟಸ್ತಿಕೆಯೂ ಇಲ್ಲ. ಆ ಊರಿನ ಕಥೆ ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

ಇಳಿದ ಮೇಲೆ ಏನಾಯಿತು? ಮರುವರ್ಷವೇ, 1789ರ ಏಪ್ರಿಲ್‌ನಲ್ಲಿ, ಸಿಡುಬು ಬಂತು. ಬೆನ್ನೆಲಾಂಗ್ ಎಂಬ ಮೂಲನಿವಾಸಿಯನ್ನು ಫಿಲಿಪ್‌ನ ಜನ ಆ ವರ್ಷವೇ ಸೆರೆಹಿಡಿದು ತಂದರು, ಅವರ ಭಾಷೆ ಕಲಿತುಕೊಳ್ಳುವುದಕ್ಕೆ. ಸುತ್ತಲಿನ ಜನರಲ್ಲಿ ಅರ್ಧಕ್ಕರ್ಧ ಸಿಡುಬಿಗೆ ಹೋದರು ಎಂದು ಅವನು ಕೊಟ್ಟ ಲೆಕ್ಕವನ್ನು ಫಿಲಿಪ್ ಬರೆದಿಟ್ಟಿದ್ದಾನೆ. ಪೆಮುಲ್ವುಯಿ ಎಂಬ ಬಿಡ್ಜಿಗಲ್ ನಾಯಕ ಹನ್ನೆರಡು ವರ್ಷ ಹೊಲಗದ್ದೆಗಳ ಮೇಲೆ ದಾಳಿ ಮಾಡುತ್ತ ಎದುರು ನಿಂತ. 1802ರಲ್ಲಿ ಅವನನ್ನು ಕೊಂದು, ತಲೆ ಕಡಿದು, ಇಂಗ್ಲೆಂಡಿಗೆ ಕಳಿಸಿದರು. ಆ ತಲೆ ಇವತ್ತಿಗೂ ಸಿಕ್ಕಿಲ್ಲ. ಮಗಳು ಹೇಳುವ "ಇನ್ವೇಷನ್", ಅಂದರೆ ಆಕ್ರಮಣ, ಎಂಬ ಮಾತು ಇತ್ತೀಚಿನ ಹುಡುಗರು ಹುಟ್ಟಿಸಿದ್ದಲ್ಲ. ತೊರೆಯ ನೀರು, ಮೀನು, ಬೇಟೆಯ ಕಾಡು ಎಲ್ಲ ಕೈಬಿಟ್ಟು ಹೋದವರಿಗೆ ಅದಕ್ಕೆ ಬೇರೆ ಹೆಸರು ಹೊಳೆಯುವುದು ಕಷ್ಟ.

ಈಗ ನನಗೆ ಹೆಚ್ಚು ಕುತೂಹಲದ ವಿಷಯಕ್ಕೆ ಬರುತ್ತೇನೆ. ಈ ದಿನವನ್ನು ಪಂಚಾಂಗದೊಳಗೆ ಸೇರಿಸಿದವರು ಯಾರು?

ಮೊದಲು ಆಚರಿಸಿದವರು ಸಾಹೇಬರಲ್ಲ, ಬಿಡುಗಡೆಯಾದ ಕೈದಿಗಳು. ಶಿಕ್ಷೆ ಮುಗಿಸಿ, ವ್ಯಾಪಾರ ಮಾಡಿ, ಸ್ವಲ್ಪ ಕಾಸು ಕಂಡವರು ಜನವರಿ 26 ಬಂತೆಂದರೆ ಒಟ್ಟಿಗೆ ಸೇರಿ ಊಟ ಮಾಡುತ್ತಿದ್ದರು. ಬ್ರಿಟನ್ ಕಸವೆಂದು ಎಸೆದವರು, ಇಲ್ಲೊಂದು ಬದುಕು ಕಟ್ಟಿಕೊಂಡೆವು ಎಂಬ ಹೆಮ್ಮೆ ಅವರದು. ಆ ಹೆಮ್ಮೆಯನ್ನು ನಾನು ಹಗುರ ಮಾಡುವುದಿಲ್ಲ. ಒಂದು ರೊಟ್ಟಿ, ಒಂದು ಗಜ ಬಟ್ಟೆ ಕದ್ದದ್ದಕ್ಕೆ ಭೂಮಿಯ ಆಚೆ ತುದಿಗೆ ಬಂದವರೂ ಅವರಲ್ಲಿದ್ದರು.

ಅದನ್ನು ಸರ್ಕಾರಿ ಹಬ್ಬ ಮಾಡಿದ್ದು ಗವರ್ನರ್ ಲಾಕ್ಲನ್ ಮಕ್ವಾರಿ, 1818ರಲ್ಲಿ, ಮೂವತ್ತು ವರ್ಷ ತುಂಬಿದ ನೆಪದಲ್ಲಿ. ಮೂವತ್ತು ತೋಪು ಹಾರಿಸಿ, ಸರ್ಕಾರಿ ಕೂಲಿಗಳಿಗೆ ರಜೆ ಕೊಟ್ಟು, ತಲೆಗೊಂದು ಪೌಂಡ್ ತಾಜಾ ಮಾಂಸ ಹೆಚ್ಚಿಗೆ ಕೊಡಿಸಿದ. ಸಿಡ್ನಿಯಲ್ಲಿ ಇವನ ಹೆಸರಿಲ್ಲದ ಗಲ್ಲಿ ಇಲ್ಲ ಅನ್ನಬೇಕು. ಬೀದಿ, ವಿಶ್ವವಿದ್ಯಾಲಯ, ಕೆರೆ, ನದಿ ಎಲ್ಲ ಮಕ್ವಾರಿ. ಆದರೆ ಈ ಮನುಷ್ಯ ನಮಗೂ ಹಳೆಯ ಪರಿಚಯ. 1799ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ ಸೈನ್ಯದಲ್ಲಿ ಇವನಿದ್ದ, ಮುಂಬೈ ಕಡೆಯಿಂದ ಬಂದ ಪಡೆಯಲ್ಲಿ. ಅದಕ್ಕೂ ಮುಂಚೆ, 1795ರಲ್ಲಿ, ಕೊಚ್ಚಿಯಲ್ಲಿ ಇಬ್ಬರು ಗುಲಾಮ ಹುಡುಗರನ್ನು ದುಡ್ಡು ಕೊಟ್ಟು ಕೊಂಡುಕೊಂಡಿದ್ದ. ಗವರ್ನರ್ ಆದ ಮೇಲೆ ಬಿಡುಗಡೆಯಾದ ಕೈದಿಗಳನ್ನು ತನ್ನ ಊಟದ ಮೇಜಿಗೆ ಕೂರಿಸಿಕೊಂಡ, ಹುದ್ದೆ ಕೊಟ್ಟ, ಅದಕ್ಕಾಗಿ ಮೇಲಿನವರಿಂದ ಬೈಸಿಕೊಂಡ. ಅದೇ ಮನುಷ್ಯ 1816ರಲ್ಲಿ ಮೂಲನಿವಾಸಿಗಳ ಮೇಲೆ ಸೈನಿಕರನ್ನು ಬಿಟ್ಟ. ಎದುರು ನಿಂತು ಸತ್ತ ಗಂಡಸರ ಹೆಣಗಳನ್ನು ಎಲ್ಲರಿಗೂ ಕಾಣುವ ಹಾಗೆ ಮರಕ್ಕೆ ತೂಗುಹಾಕಿ ಎಂದು ಆಜ್ಞೆ ಬರೆದ. ಏಪ್ರಿಲ್ 17ರ ನಸುಕಿನಲ್ಲಿ ಆಪಿನ್ ಬಳಿ ಕನಿಷ್ಠ ಹದಿನಾಲ್ಕು ಜನ ಸತ್ತರು. ಗುಂಡಿಗೆ ಬಿದ್ದವರು ಕೆಲವರು, ಕಡಿದಾದ ಕಣಿವೆಯಂಚಿನಿಂದ ಬಿದ್ದವರು ಉಳಿದವರು. ಹೆಂಗಸರು, ಮಕ್ಕಳು ಸೇರಿ. ತೋಪು ಹಾರಿಸಿ ಮಾಂಸ ಹಂಚಿದ ಹಬ್ಬಕ್ಕೂ ಇದಕ್ಕೂ ನಡುವೆ ಎರಡು ವರ್ಷವೂ ತುಂಬಿರಲಿಲ್ಲ.

ಶ್ರೀರಂಗಪಟ್ಟಣ ಬಿದ್ದ ಮೇ 4 ಕರ್ನಾಟಕದಲ್ಲಿ "ರಾಜ್ಯ ಸ್ಥಾಪನೆಯ ದಿನ" ಅಂತ ರಜೆಯಾಗಿ, ಆ ಊರಿನ ಮಕ್ಕಳೇ ಪ್ರಭಾತಫೇರಿ ಹೋಗಬೇಕಾಗಿ ಬಂದಿದ್ದರೆ ಹೇಗಿರುತ್ತಿತ್ತು? ಟಿಪ್ಪುವಿನ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಆ ಮೆರವಣಿಗೆ ಯಾರಿಗೂ ಹಿಡಿಸುತ್ತಿರಲಿಲ್ಲ.

ಇನ್ನೊಂದು ಜನವರಿ 26 ನೋಡಿ: 1838. ಐವತ್ತು ವರ್ಷ ತುಂಬಿತೆಂದು ನ್ಯೂ ಸೌತ್ ವೇಲ್ಸ್ ಮೊದಲ ಬಾರಿ ಸಾರ್ವಜನಿಕ ರಜೆ ಘೋಷಿಸಿತು. ಸಿಡ್ನಿ ಬಂದರಿನಲ್ಲಿ ದೋಣಿ ಸ್ಪರ್ಧೆ, ದಡದಲ್ಲಿ ಜಾತ್ರೆ. ಅದೇ ದಿನ, ಅದೇ ವಸಾಹತಿನ ಉತ್ತರದಲ್ಲಿ, ಮೇಜರ್ ಜೇಮ್ಸ್ ನನ್ ಎಂಬವನ ಕುದುರೆ ಪೊಲೀಸರು ವಾಟರ್‌ಲೂ ಕ್ರೀಕ್ ಎಂಬಲ್ಲಿ ಕಮಿಲರೊಯಿ ಎಂಬ ಮೂಲನಿವಾಸಿ ಜನರನ್ನು ಅಟ್ಟಿಸಿಕೊಂಡು ಹೋಗಿ ಗುಂಡಿಟ್ಟರು. ಸತ್ತವರ ಸಂಖ್ಯೆಯ ಬಗ್ಗೆ ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ. ಯಾರಿಗೂ ಶಿಕ್ಷೆಯಾಗಲಿಲ್ಲ ಎಂಬುದರಲ್ಲಿ ಮಾತ್ರ ಜಗಳವಿಲ್ಲ. ಒಂದೇ ತಾರೀಖು, ಒಂದೇ ಸರ್ಕಾರ, ಒಂದು ಕಡೆ ಬಾಣಬಿರುಸು, ಒಂದು ಕಡೆ ಬಂದೂಕು. ತರಗತಿಯಲ್ಲಿ ಇದನ್ನು ಹೇಳಿದಾಗ ವಿದ್ಯಾರ್ಥಿಗಳು ನಾನು ಬೇಕೆಂದೇ ಹೊಂದಿಸಿ ಹೇಳುತ್ತಿದ್ದೇನೆ ಅಂದುಕೊಳ್ಳುತ್ತಿದ್ದರು.

ಇಷ್ಟಾದರೂ ಅದು ಸಿಡ್ನಿಯವರ ಹಬ್ಬವಾಗಿಯೇ ಬಹುಕಾಲ ಉಳಿಯಿತು. ಅಡಿಲೇಡ್‌ನವರಿಗೆ ತಮ್ಮ ವಸಾಹತು ಘೋಷಣೆಯಾದ ಡಿಸೆಂಬರ್ 28 ಮುಖ್ಯ, ಪಶ್ಚಿಮದ ಪರ್ತ್‌ನವರಿಗೆ ಜೂನ್ ತಿಂಗಳ ತಮ್ಮದೇ ಸ್ಥಾಪನಾ ದಿನ. 1888ರ ಶತಮಾನೋತ್ಸವದಲ್ಲಿ ಅಡಿಲೇಡ್ ಪಾಲುಗೊಳ್ಳಲೇ ಇಲ್ಲ. "ಆಸ್ಟ್ರೇಲಿಯಾ ಡೇ" ಎಂಬ ಹೆಸರಿನಲ್ಲಿ ದೇಶವಿಡೀ ನಡೆದ ಮೊದಲ ಆಚರಣೆ ಯಾವಾಗ ಗೊತ್ತೇ? 1915ರ ಜುಲೈ 30. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಬ್ಯಾಡ್ಜು ಮಾರಿ ಚಂದಾ ಎತ್ತುವ ದಿನವಾಗಿತ್ತು ಅದು. ಜನವರಿ 26ಕ್ಕೆ ಎಲ್ಲ ರಾಜ್ಯಗಳೂ ಆ ಹೆಸರು ಒಪ್ಪಿದ್ದು 1935ರಲ್ಲಿ. ಆಮೇಲೂ ಬಹಳ ವರ್ಷ ರಜೆಯನ್ನು ಹತ್ತಿರದ ಸೋಮವಾರಕ್ಕೆ ತಳ್ಳಿ ಮೂರು ದಿನ ಒಟ್ಟಿಗೆ ಬರುವ ಹಾಗೆ ಮಾಡಿಕೊಳ್ಳುತ್ತಿದ್ದರು; ತಾರೀಖಿನ ಪಾವಿತ್ರ್ಯ ಯಾರಿಗೂ ನೆನಪಿರಲಿಲ್ಲ. ದೇಶದ ಎಲ್ಲೆಡೆ 26ರಂದೇ ರಜೆ ಎಂದು ಆಗಿದ್ದು 1994ರಿಂದ. "ತಲತಲಾಂತರದಿಂದ ಬಂದ ಸಂಪ್ರದಾಯ" ಎಂದು ಯಾರಾದರೂ ನಿಮ್ಮ ಯಜಮಾನರಿಗೆ ಹೇಳಿದರೆ, ಅದರ ವಯಸ್ಸು ನಿಮಗಿಂತಲೂ ಕಮ್ಮಿ ಇರಬಹುದು ಎಂದು ಹೇಳಬಹುದು.

ಈ ಪ್ರಶ್ನೆ ಇತ್ತೀಚಿನ ಹುಯಿಲು ಎನ್ನುವವರಿಗೆ ನಾನು ಹೇಳುವುದು 1938ರ ಕಥೆ. ನೂರೈವತ್ತು ವರ್ಷದ ಸಂಭ್ರಮ. ಫಿಲಿಪ್ ದಡಕ್ಕಿಳಿದದ್ದನ್ನು ನಾಟಕದ ಹಾಗೆ ಮತ್ತೆ ಆಡಿ ತೋರಿಸಬೇಕು. ಓಡಿಹೋಗುವ ಮೂಲನಿವಾಸಿಗಳ ಪಾತ್ರಕ್ಕೆ ಜನ ಬೇಕು. ಸಿಡ್ನಿಯವರು ಯಾರೂ ಒಪ್ಪಲಿಲ್ಲ. ಆಗ ಪಶ್ಚಿಮಕ್ಕೆ ನೂರಾರು ಮೈಲಿ ದೂರದ ಮೆನಿಂಡಿಯಿಂದ ಒಂದು ಗುಂಪು ಗಂಡಸರನ್ನು ಕರೆತಂದು, ರೆಡ್‌ಫರ್ನ್‌ನ ಪೊಲೀಸ್ ಬ್ಯಾರಕ್ಕಿನ ಕುದುರೆ ಲಾಯದಲ್ಲಿ ಇರಿಸಿದರು. ಊರವರ ಜೊತೆ ಸೇರಿ ತಲೆ ಕೆಡದಿರಲಿ ಎಂದು. ತಮಾಷೆ ಏನೆಂದರೆ, ಆ ಮೆರವಣಿಗೆಯಲ್ಲಿ ಕೈದಿಗಳೂ ಇರಲಿಲ್ಲ. ಯಾರು ಬಂದರೋ ಅವರನ್ನೇ ಕೈಬಿಟ್ಟು ಬಂದದ್ದನ್ನು ಆಡಿ ತೋರಿಸಿದರು. ವಂಶದಲ್ಲಿ ಕೈದಿ ಇದ್ದ ಎನ್ನಲು ಆಗಿನ ಮರ್ಯಾದಸ್ಥರಿಗೆ ನಾಚಿಕೆ.

ಮೆರವಣಿಗೆ ಹಾದುಹೋಗುವ ತನಕ ಕಾದು, ಅದೇ ದಿನ ಎಲಿಜಬೆತ್ ಬೀದಿಯ ಆಸ್ಟ್ರೇಲಿಯನ್ ಹಾಲ್‌ನಲ್ಲಿ ಸುಮಾರು ನೂರು ಜನ ಮೂಲನಿವಾಸಿಗಳು ಸೇರಿದರು. ಕಪ್ಪು ಬಟ್ಟೆ ತೊಟ್ಟು ಬಂದಿದ್ದರು. ಟೌನ್ ಹಾಲ್ ಅವರಿಗೆ ಸಿಕ್ಕಿರಲಿಲ್ಲ. ಇಲ್ಲೂ ಮುಂಬಾಗಿಲಿನಿಂದ ಬಿಡಲಿಲ್ಲ, ಹಿಂಬಾಗಿಲಿನಿಂದ ಒಳಗೆ ಹೋದರು. ಆ ದಿನಕ್ಕೆ ಅವರು ಕೊಟ್ಟ ಹೆಸರು ಶೋಕದಿನ. ಜ್ಯಾಕ್ ಪ್ಯಾಟನ್, ವಿಲಿಯಂ ಫರ್ಗುಸನ್, ಪರ್ಲ್ ಗಿಬ್ಸ್, ಮೆಲ್ಬರ್ನ್‌ನಿಂದ ಹೋದ ವಿಲಿಯಂ ಕೂಪರ್ ಅಲ್ಲಿದ್ದರು. ಕೇಳಿದ್ದು ಏನು? ಭೂಮಿ ಬಿಟ್ಟು ಹೋಗಿ ಅಂತಲ್ಲ. ನಮಗೂ ಪೂರ್ಣ ನಾಗರಿಕ ಹಕ್ಕು ಕೊಡಿ ಅಂತ. ನೀವು ಈಗ ಪ್ರಮಾಣ ಮಾಡಿ ಪಡೆಯಲು ಹೊರಟಿದ್ದೀರಲ್ಲ, ಅದನ್ನು. ಸಿಡ್ನಿಯಲ್ಲಿ ಪಾಠ ಮಾಡುತ್ತಿದ್ದ ಎರಡು ವರ್ಷ ನಾನು ಆ ಕಟ್ಟಡದ ಮುಂದೆ ಎಷ್ಟೋ ಸಲ ಹಾದುಹೋಗಿದ್ದೇನೆ. ಎದುರು ನಿಂತು ನೋಡಿದರೆ ಯಾವ ಊರಲ್ಲೂ ಇರಬಹುದಾದ ಕಟ್ಟಡ. ಹಿಂಬಾಗಿಲು ಹುಡುಕಿಕೊಂಡು ಒಂದು ಸಲ ಓಣಿ ಸುತ್ತಿ ಬಂದೆ.

ಕೂಪರ್ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಯೊರ್ಟಾ ಯೊರ್ಟಾ ಜನಾಂಗದ ಈ ಹಿರಿಯ ಅದೇ ವರ್ಷದ ಡಿಸೆಂಬರ್‌ನಲ್ಲಿ, ಜರ್ಮನಿಯಲ್ಲಿ ಯಹೂದಿಗಳ ಮೇಲಾದ ದಾಳಿಯನ್ನು ಖಂಡಿಸಿ ಮೆಲ್ಬರ್ನ್‌ನ ಜರ್ಮನ್ ಕಾನ್ಸುಲೇಟಿಗೆ ಮನವಿಪತ್ರ ಕೊಡಿಸಲು ಹೊರಟ. ತನ್ನ ನೆಲದಲ್ಲೇ ಹಕ್ಕಿಲ್ಲದವನಿಗೆ ಸಾವಿರಾರು ಮೈಲಿ ಆಚೆಯವರ ಗೋಳು ತಟ್ಟಿತ್ತು. ಕಾನ್ಸುಲೇಟ್ ಮನವಿಯನ್ನು ತೆಗೆದುಕೊಳ್ಳಲಿಲ್ಲ.

ಅಲ್ಲಿಂದೀಚೆಗೆ ಜನವರಿ 26 ಎರಡು ದಾರಿಯಲ್ಲಿ ನಡೆದಿದೆ. 1972ರಲ್ಲಿ ನಾಲ್ಕು ಜನ ಹುಡುಗರು ಕ್ಯಾನ್‌ಬೆರಾದ ಸಂಸತ್ತಿನ ಮುಂದಿನ ಹುಲ್ಲಿನ ಮೇಲೆ ಸಮುದ್ರತೀರದ ಒಂದು ದೊಡ್ಡ ಕೊಡೆ ನೆಟ್ಟು, ಇದು ನಮ್ಮ ರಾಯಭಾರ ಕಚೇರಿ ಎಂದರು. ನಮ್ಮ ನೆಲದಲ್ಲೇ ನಾವು ಪರದೇಶಿಗಳಾದ ಮೇಲೆ ನಮಗೂ ಒಂದು ರಾಯಭಾರ ಬೇಡವೇ ಎಂಬುದು ಅವರ ಪ್ರಶ್ನೆ. ಕೊಡೆ ಆಮೇಲೆ ಟೆಂಟುಗಳಾಯಿತು, ಇಂದಿಗೂ ಇದೆ. 1988ರಲ್ಲಿ ಇನ್ನೂರು ವರ್ಷದ ಮಹೋತ್ಸವಕ್ಕೆ ಸಿಡ್ನಿ ಬಂದರಿನಲ್ಲಿ ಹಾಯಿಹಡಗುಗಳು ಬಂದಾಗ, ಬೀದಿಯಲ್ಲಿ ಸುಮಾರು ನಲವತ್ತು ಸಾವಿರ ಜನ ಪ್ರತಿಭಟನೆಗೆ ಇಳಿದಿದ್ದರು. ಅದೇ ದಿನ ಬರ್ನಮ್ ಬರ್ನಮ್ ಎಂಬ ಮೂಲನಿವಾಸಿ ಹೋರಾಟಗಾರ ಇಂಗ್ಲೆಂಡಿನ ಡೋವರ್ ಬಂಡೆಗಳ ಹತ್ತಿರ ತಮ್ಮ ಬಾವುಟ ನೆಟ್ಟು, ಇಂಗ್ಲೆಂಡ್ ಇನ್ನು ಮುಂದೆ ನಮ್ಮದು ಎಂದು ಘೋಷಿಸಿದ! ಅಲ್ಲಿನ ನಿವಾಸಿಗಳಿಗೆ ಯಾವ ತೊಂದರೆಯೂ ಕೊಡುವುದಿಲ್ಲ ಎಂಬ ಆಶ್ವಾಸನೆಯನ್ನೂ ಕೊಟ್ಟ. ಬಾವುಟ ನೆಟ್ಟ ಮಾತ್ರಕ್ಕೆ ನೆಲ ಕೈಬದಲಾಗುತ್ತದೆ ಎಂಬ ತರ್ಕದ ಮೇಲೆ ಇದಕ್ಕಿಂತ ಚೆನ್ನಾದ ವ್ಯಾಖ್ಯಾನ ನಾನು ಓದಿಲ್ಲ.

ಆ ತರ್ಕ ಕಾನೂನಿನಲ್ಲಿ ಹೇಗೆ ನಿಂತಿತ್ತು ಎಂಬುದನ್ನು ನಿಮಗೆ ಪಹಣಿಯ ಭಾಷೆಯಲ್ಲಿ ಹೇಳಿದರೆ ಬೇಗ ಅರ್ಥವಾದೀತು. ಊರಿನ ದಫ್ತರದಲ್ಲಿ ಹೆಸರಿಲ್ಲ, ಬೇಲಿ ಕಾಣಲಿಲ್ಲ, ಉತ್ತ ಗೆರೆ ಇಲ್ಲ, ಹಾಗಾಗಿ ಇದು ಯಾರದೂ ಅಲ್ಲದ ಖರಾಬು ಜಮೀನು, ಸರ್ಕಾರದ ಖಾತೆಗೆ ಸೇರಿತು. ಒಂದು ಇಡೀ ಖಂಡವನ್ನು ಹೀಗೆ ಬರೆದುಕೊಂಡರು. ಮೆಲ್ಬರ್ನ್‌ನ ಕಥೆ ಇಲ್ಲಿ ಬರುತ್ತದೆ. 1835ರಲ್ಲಿ ಜಾನ್ ಬ್ಯಾಟ್‌ಮನ್ ಎಂಬವನು ಅಲ್ಲಿನ ವುರುಂಡ್ಜೆರಿ ಹಿರಿಯರಿಗೆ ಕಂಬಳಿ, ಕೊಡಲಿ, ಚಾಕು, ಕನ್ನಡಿ, ಹಿಟ್ಟು ಕೊಟ್ಟು ಲಕ್ಷಾಂತರ ಎಕರೆಗೆ ಒಪ್ಪಂದ ಬರೆಸಿಕೊಂಡ. ಅದು ಮೋಸದ ವ್ಯವಹಾರವೇ; ಕಾಗದದಲ್ಲಿ ಏನಿದೆ ಎಂದು ಹಿರಿಯರಿಗೆ ಹೇಗೆ ತಿಳಿಯಬೇಕು? ಆದರೆ ಗವರ್ನರ್ ಬೋರ್ಕ್ ಅದನ್ನು ರದ್ದು ಮಾಡಿದ್ದು ಮೋಸವೆಂದಲ್ಲ. ಮಾರುವ ಹಕ್ಕು ಆ ಜನಕ್ಕೆ ಇಲ್ಲ, ನೆಲವೆಲ್ಲ ರಾಜನದು ಎಂದು. ನೀವು ಮನೆ ಮಾಡಿರುವ ಊರಿನ ಮೂಲಪತ್ರ ಇಷ್ಟೇ.

ಈ ಸುಳ್ಳು ಮುರಿದುಬಿದ್ದದ್ದು ಒಬ್ಬ ತೋಟದ ಮಾಲಿಯಿಂದ. ಎಡ್ಡಿ ಮಾಬೊ, ಟಾರೆಸ್ ಜಲಸಂಧಿಯ ಮೆರ್ ಎಂಬ ಪುಟ್ಟ ದ್ವೀಪದವನು, ಟೌನ್ಸ್‌ವಿಲ್‌ನ ವಿಶ್ವವಿದ್ಯಾಲಯದಲ್ಲಿ ಗಿಡ ನೋಡಿಕೊಳ್ಳುವ ಕೆಲಸದಲ್ಲಿದ್ದ. ಮಧ್ಯಾಹ್ನದ ಬುತ್ತಿ ಬಿಚ್ಚಿ ಇತಿಹಾಸದ ಮೇಷ್ಟ್ರುಗಳಾದ ಹೆನ್ರಿ ರೆನಾಲ್ಡ್ಸ್, ನೋಯೆಲ್ ಲೂಸ್ ಜೊತೆ ಹರಟುವಾಗ ತನ್ನ ಊರಿನ ಜಮೀನಿನ ಮಾತು ತೆಗೆಯುತ್ತಿದ್ದ. ಇಲ್ಲಿಯ ತನಕ ನಮ್ಮದು, ಅಲ್ಲಿಂದಾಚೆ ಅವರದು, ಅಪ್ಪನಿಂದ ಮಗನಿಗೆ ಬಂದದ್ದು. ಬದುಗಳ ಬಗ್ಗೆ ನಮ್ಮ ಹಳ್ಳಿಯ ಹಿರಿಯರು ಮಾತಾಡುವ ಹಾಗೆಯೇ. ಕಾನೂನಿನ ಪ್ರಕಾರ ಅದು ನಿನ್ನದಲ್ಲ, ಸರ್ಕಾರದ್ದು ಎಂದು ಮೇಷ್ಟ್ರುಗಳು ಹೇಳಿದಾಗ ಅವನಿಗೆ ನಂಬಲಾಗಲಿಲ್ಲ. 1982ರಲ್ಲಿ ಜೊತೆಗಾರರೊಂದಿಗೆ ಕೇಸು ಹಾಕಿದ. ನಡುವೆ ಕ್ವೀನ್ಸ್‌ಲ್ಯಾಂಡ್ ಸರ್ಕಾರ, ಆ ದ್ವೀಪದವರ ಹಕ್ಕು ಏನಾದರೂ ಇದ್ದಿದ್ದರೆ ಅದು ಹಿಂದಿನಿಂದಲೇ ರದ್ದು ಎಂದು ಹೊಸ ಕಾನೂನನ್ನೇ ಮಾಡಿತು. ಅದನ್ನೂ ಕೋರ್ಟಿನಲ್ಲಿ ಬೀಳಿಸಬೇಕಾಯಿತು. 1992ರ ಜೂನ್ 3ರಂದು ಹೈಕೋರ್ಟ್, ಆ ದೇಶದಲ್ಲಿ ಅದೇ ಅತ್ಯುಚ್ಚ ನ್ಯಾಯಾಲಯ, 6–1ರ ಬಹುಮತದಿಂದ ಅವನ ಜನರ ಹಕ್ಕನ್ನು ಒಪ್ಪಿತು. ಮಾಬೊ ಅದೇ ಜನವರಿಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಿದ್ದ.

ಇನ್ನು ಎದುರು ಮಾತುಗಳು. ಎಲ್ಲವೂ ಪೊಳ್ಳಲ್ಲ. ಆಸ್ಟ್ರೇಲಿಯನ್ ಪೌರತ್ವ ಎಂಬುದು ಕಾನೂನಾಗಿ ಜಾರಿಗೆ ಬಂದದ್ದು 1949ರ ಜನವರಿ 26ರಂದು. ಅದಕ್ಕೆ ಮುಂಚೆ ಅವರೆಲ್ಲ ಬ್ರಿಟಿಷ್ ಪ್ರಜೆಗಳು ಮಾತ್ರ. ಹಾಗಾಗಿ ಪೌರತ್ವ ಸಮಾರಂಭಕ್ಕೆ ಆ ದಿನ ಸಲ್ಲುತ್ತದೆ ಎನ್ನುವವರ ಕೈಯಲ್ಲಿ ಒಂದು ಗಟ್ಟಿ ಸಂಗತಿ ಇದೆ. ಎಲ್ಲ ಮೂಲನಿವಾಸಿಗಳದೂ ಒಂದೇ ದನಿ ಅಲ್ಲ ಎಂಬುದೂ ನಿಜ. ವಾಲ್ಪಿರಿ ಮೂಲದ ಸೆನೆಟರ್ ಜಸಿಂತಾ ನಂಪಿಜಿನ್ಪಾ ಪ್ರೈಸ್ ತಾರೀಖು ಬದಲಿಸುವುದನ್ನು ವಿರೋಧಿಸುತ್ತಾರೆ. ದಿನಾಂಕ ಬದಲಿಸಿದರೆ ಮಕ್ಕಳ ಓದು, ಆರೋಗ್ಯ, ಜೈಲು ಸೇರುವವರ ಸಂಖ್ಯೆ ಏನೂ ಬದಲಾಗದು ಎಂಬ ವಾದವನ್ನು ನಾನು ಕೇಳಿದ್ದೇನೆ. ಸರಿ, ಬದಲಾಗದು. ಆದರೆ ಬದಲಿಸದೆ ಇರುವುದರಿಂದಲೂ ಅದು ಬದಲಾಗಿಲ್ಲವಲ್ಲ. 2023ರ ಅಕ್ಟೋಬರ್ 14ರಂದು, ಮೂಲನಿವಾಸಿಗಳಿಗೆ ಸಂವಿಧಾನದಲ್ಲಿ ಒಂದು ಸಲಹಾ ಮಂಡಳಿ ಕೊಡುವ ಜನಮತಗಣನೆಯಲ್ಲಿ ಸುಮಾರು ಶೇ. 60 ಜನ, ಆರಕ್ಕಾರೂ ರಾಜ್ಯಗಳು, ಬೇಡ ಎಂದವು. ದಿನಾಂಕದ ಸಣ್ಣ ಬದಲಾವಣೆಗೂ ಆ ದೇಶ ಸದ್ಯಕ್ಕೆ ಒಪ್ಪುವ ಲಕ್ಷಣ ನನಗೆ ಕಾಣುತ್ತಿಲ್ಲ.

ಬೇರೆ ದಿನ ಯಾವುದು ಎಂಬುದೂ ಸುಲಭವಲ್ಲ. ಒಕ್ಕೂಟವಾದ ಜನವರಿ 1 ಇದೆ. ಆದರೆ ಹೊಸವರ್ಷದ ಮಂಪರು ಒಂದು ಕಡೆ. ಇನ್ನೊಂದು ಕಡೆ, ಅವತ್ತು ಜಾರಿಯಾದ ಸಂವಿಧಾನ ಜನಸಂಖ್ಯೆ ಎಣಿಸುವಾಗ ಮೂಲನಿವಾಸಿಗಳನ್ನು ಬಿಟ್ಟುಬಿಡಬೇಕೆಂದು ಹೇಳಿತ್ತು. ಅದನ್ನು ತೆಗೆದದ್ದು 1967ರ ಮೇ 27ರ ಜನಮತಗಣನೆ, ಶೇ. 90ಕ್ಕೂ ಹೆಚ್ಚು ಜನ ಹೌದು ಎಂದಾಗ. ಅದೇ 1901ರ ಹೊಸ ಸಂಸತ್ತು ಮೊದಮೊದಲು ಮಾಡಿದ ಕಾನೂನುಗಳಲ್ಲಿ ಒಂದು, ನಿಮ್ಮ ನಮ್ಮಂಥ ಮೈಬಣ್ಣದವರು ದಡಕ್ಕಿಳಿಯದ ಹಾಗೆ ನೋಡಿಕೊಳ್ಳುವ ವಲಸೆ ನಿರ್ಬಂಧ ಕಾನೂನು. ಅಧಿಕಾರಿ ತನಗೆ ಬೇಕಾದ ಯೂರೋಪಿನ ಭಾಷೆಯಲ್ಲಿ ಐವತ್ತು ಪದ ಹೇಳುತ್ತಿದ್ದ; ತಪ್ಪಿಲ್ಲದೆ ಬರೆಯದಿದ್ದರೆ ವಾಪಸ್ ಹಡಗು. ಇಂಗ್ಲಿಷ್ ಬಲ್ಲವನಿಗೆ ಬೇರೆ ಭಾಷೆ ಹೇಳಿದರಾಯಿತು. 1970ರ ದಶಕದಲ್ಲಿ ಆ ನೀತಿ ಪೂರ್ತಿ ಹೋಗದಿದ್ದರೆ ನೀವು ಈ ಪತ್ರವನ್ನು ಮೆಲ್ಬರ್ನ್‌ನಿಂದ ಬರೆಯುತ್ತಿರಲಿಲ್ಲ. ನನ್ನ ಮಟ್ಟಿಗೆ ಕೇಳಿದರೆ ಮೇ 27 ಒಳ್ಳೆಯ ದಿನ. ಮೇ 8 ಆಗಲಿ ಎನ್ನುವ ಪುಂಡರೂ ಇದ್ದಾರೆ. ಇಂಗ್ಲಿಷಿನಲ್ಲಿ ಬೇಗ ಬೇಗ ಹೇಳಿ ನೋಡಿ, ಗೆಳೆಯನನ್ನು ಕರೆಯುವ ಅವರ ಊರಿನ "ಮೇಟ್" ಕೇಳಿಸುತ್ತದೆ.

ತಾರೀಖು ಬದಲಿಸದೆಯೂ ದಾರಿ ಇದೆ ಎಂಬುದಕ್ಕೆ ದಕ್ಷಿಣ ಆಫ್ರಿಕಾ ನೋಡಬೇಕು. 1838ರ ಡಿಸೆಂಬರ್ 16ರಂದು ಬಿಳಿ ವಲಸಿಗರು ಜುಲು ಸೈನ್ಯವನ್ನು ಕೊಚ್ಚಿಹಾಕಿದ ದಿನವನ್ನು ವರ್ಣಭೇದದ ಸರ್ಕಾರ ದೇವರಿಗೆ ಹರಕೆ ಹೊತ್ತ ದಿನವೆಂದು ಆಚರಿಸುತ್ತಿತ್ತು. ಮಂಡೇಲಾ ಅವರ ಪಕ್ಷ ತನ್ನ ಸಶಸ್ತ್ರ ಹೋರಾಟ ಶುರುಮಾಡಲು 1961ರಲ್ಲಿ ಬೇಕೆಂದೇ ಅದೇ ತಾರೀಖು ಆರಿಸಿಕೊಂಡಿತ್ತು. 1994ರ ನಂತರ ತಾರೀಖನ್ನು ಉಳಿಸಿಕೊಂಡು ಸಮನ್ವಯದ ದಿನ ಎಂದು ಹೆಸರು ಬದಲಿಸಿದರು. ಡಚ್ಚರು ಕೇಪ್‌ನಲ್ಲಿ ಇಳಿದ ಏಪ್ರಿಲ್ 6ರ ರಜೆಯನ್ನು ಮಾತ್ರ ಪಂಚಾಂಗದಿಂದಲೇ ಕಿತ್ತುಹಾಕಿದರು. ಕದನದ ದಿನಕ್ಕೆ ಎರಡೂ ಕಡೆಯ ನೆನಪಿತ್ತು, ಇಳಿದ ದಿನಕ್ಕೆ ಇಳಿದವರ ನೆನಪು ಮಾತ್ರ. ಜನವರಿ 26 ಇದರಲ್ಲಿ ಯಾವ ಜಾತಿ? 1938ರ ಹಾಲ್, 1972ರ ಕೊಡೆ, 1988ರ ಮೆರವಣಿಗೆ ನೆನೆದರೆ ಅದಕ್ಕೂ ಈಗ ಎರಡು ಕಡೆಯ ನೆನಪಿದೆ. ಆದರೆ ಹೆಸರು, ಬಾಣಬಿರುಸು, ಸಮುದ್ರತೀರದ ಬಾರ್ಬೆಕ್ಯೂ ಎಲ್ಲ ಇನ್ನೂ ಒಂದೇ ಕಡೆಯದು. ಹಾಗಾಗಿ ನಾನು ಬದಲಾಯಿಸಬೇಕು ಎನ್ನುವವರ ಪೈಕಿ.

ನಿಮ್ಮ ಯಜಮಾನರ ಗಾದೆಗೆ ಬರುತ್ತೇನೆ. ಉಂಡ ಮನೆಯ ಜಂತೆ ಎಣಿಸಬಾರದು, ಒಪ್ಪಿದೆ. ಆದರೆ ನೀವಿನ್ನು ಆ ಮನೆಗೆ ಊಟಕ್ಕೆ ಬಂದ ನೆಂಟರಲ್ಲ, ಮನೆಯವರು. ಮನೆಯವರಾದ ಮೇಲೆ ಜಂತೆಗೆ ಗೆದ್ದಲು ಹಿಡಿದಿದೆಯೇ ಎಂದು ನೋಡುವುದು ನಿಮ್ಮದೇ ಕೆಲಸ. "ನಾವೂ ಬ್ರಿಟಿಷರ ಕೈಯಲ್ಲಿ ಅನುಭವಿಸಿದವರು, ನಮಗೆ ಇದೆಲ್ಲ ಗೊತ್ತು" ಎಂದು ನಮ್ಮವರು ಅಲ್ಲಿ ಹೇಳುವುದನ್ನು ಕೇಳಿದ್ದೇನೆ. ಅದು ಅರ್ಧ ನಿಜ. ನಾಗರಹೊಳೆಯಿಂದ ಎಬ್ಬಿಸಿದ ಜೇನುಕುರುಬರನ್ನು ಕೇಳಿದರೆ ಇನ್ನರ್ಧ ಹೇಳುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ತಲೆಮಾರುಗಳಿಂದ ಬದುಕಿದ ಕಾಡಿನ ಮೇಲೆ ಸಾಮುದಾಯಿಕ ಹಕ್ಕು ಕಾಗದದಲ್ಲಿ ಸಿಕ್ಕಿದ್ದು 2011ರಲ್ಲಿ. ಅವರ ಕಾಡನ್ನು ಸರ್ಕಾರದ ಖಾತೆಗೆ ಬರೆದುಕೊಂಡದ್ದು ಬ್ರಿಟಿಷರೇ ಇರಬಹುದು, ಖಾತೆ ಬದಲಿಸದೆ ಇಟ್ಟುಕೊಂಡವರು ನಾವು.

ಮಗಳಿಗೆ ಏನು ಹೇಳಬೇಕು? ಅವಳು ಹೇಳಿದ್ದು ತಪ್ಪಲ್ಲ ಎಂದು ಮೊದಲು ಹೇಳಿ. ಆಮೇಲೆ ಆ ಪ್ರಮಾಣದ ವಾಕ್ಯವನ್ನು ಅವಳ ಜೊತೆ ಕೂತು ಒಮ್ಮೆ ಓದಿ. ಆಸ್ಟ್ರೇಲಿಯಾಕ್ಕೂ ಅದರ ಜನರಿಗೂ ನಿಷ್ಠೆ, ಅವರ ಪ್ರಜಾಪ್ರಭುತ್ವದ ನಂಬಿಕೆಗಳು ನನ್ನವೂ ಹೌದು, ಅವರ ಹಕ್ಕು ಸ್ವಾತಂತ್ರ್ಯಗಳನ್ನು ಗೌರವಿಸುತ್ತೇನೆ, ಕಾನೂನು ಪಾಲಿಸುತ್ತೇನೆ. ಅಷ್ಟೇ. ಫಿಲಿಪ್ ಇಲ್ಲ, ಬಾವುಟ ಇಲ್ಲ, 1788 ಇಲ್ಲ. 1994ರ ತನಕ ರಾಣಿಯ ಹೆಸರಿತ್ತು, ಅದನ್ನೂ ತೆಗೆದರು. "ಅದರ ಜನ" ಎಂಬ ಎರಡು ಪದದೊಳಗೆ ಪೆಮುಲ್ವುಯಿಯ ಜನರೂ ಬರುತ್ತಾರೆ ಎಂದು ಅವಳಿಗೆ ಹೇಳಬಹುದು.

ಈಗ ದಾರಿ. 2017ರಲ್ಲಿ ಮೆಲ್ಬರ್ನ್‌ನ ಯಾರಾ ಕೌನ್ಸಿಲ್ ಅವತ್ತು ಪೌರತ್ವ ಸಮಾರಂಭ ಮಾಡುವುದಿಲ್ಲ ಎಂದಿತು. ಕೇಂದ್ರ ಸರ್ಕಾರ ಅದರ ಸಮಾರಂಭ ನಡೆಸುವ ಅಧಿಕಾರವನ್ನೇ ಕಿತ್ತುಕೊಂಡಿತು. 2019ರಲ್ಲಿ ಕೌನ್ಸಿಲ್‌ಗಳು 26ರಂದೇ ನಡೆಸಬೇಕೆಂಬ ನಿಯಮ ಬಂತು. 2022ರ ಕೊನೆಗೆ ಹೊಸ ಸರ್ಕಾರ ಅದನ್ನು ಸಡಿಲಿಸಿ, ಮೂರು ದಿನ ಹಿಂದೆ, ಮೂರು ದಿನ ಮುಂದೆ, ಅಂದರೆ 23ರಿಂದ 29ರೊಳಗೆ ಯಾವತ್ತಾದರೂ ಮಾಡಬಹುದು ಎಂದಿತು. ವರ್ಷದ ಬೇರೆ ತಿಂಗಳಲ್ಲೂ ಸಮಾರಂಭಗಳು ನಡೆಯುತ್ತವೆ. ಕರೆಪತ್ರದಲ್ಲಿರುವ ನಂಬರಿಗೆ ಫೋನ್ ಮಾಡಿ, ಆ ದಿನ ಅನುಕೂಲವಿಲ್ಲ, ಮುಂದಿನದಕ್ಕೆ ಹಾಕಿ ಎಂದರೆ ಸಾಕು. ಕಾರಣದ ಭಾಷಣ ಬೇಕಿಲ್ಲ. ಮಂಜೂರಾದ ಹನ್ನೆರಡು ತಿಂಗಳೊಳಗೆ ಪ್ರಮಾಣ ಮುಗಿಸಬೇಕು ಎಂಬುದನ್ನು ಮಾತ್ರ ಮರೆಯಬೇಡಿ. 26ರಂದೇ ಹೋಗುವುದಾದರೆ ಬೆಳಿಗ್ಗೆ ಅಥವಾ ಸಂಜೆ ಊರಿನಲ್ಲಿ ಮೂಲನಿವಾಸಿಗಳು ನಡೆಸುವ ಸ್ಮರಣೆಗೂ ಮಗಳ ಜೊತೆ ಹೋಗಿ ನಿಲ್ಲಿ. ನಿಂತರೆ ಸಾಕು, ಘೋಷಣೆ ಕೂಗಬೇಕಿಲ್ಲ.

ನಾನಾಗಿದ್ದರೆ ಬೇರೆ ದಿನ ಕೇಳುತ್ತಿದ್ದೆ. ಅದಕ್ಕೆ 1788 ಒಂದೇ ಕಾರಣವಲ್ಲ. ನಮ್ಮ ದೇಶದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. ಅಲ್ಲಿ ಪ್ರಮಾಣ ಮುಗಿಸಿದ ಗಳಿಗೆಯಲ್ಲೇ ಇಲ್ಲಿನ ಪೌರತ್ವ ತಾನಾಗಿ ಹೋಗುತ್ತದೆ. ಬೆಳಿಗ್ಗೆ ಗಣರಾಜ್ಯೋತ್ಸವದ ಬಾವುಟಕ್ಕೆ ಕೈಮುಗಿದು, ಮಧ್ಯಾಹ್ನ ಆ ಗಣರಾಜ್ಯದ ಪ್ರಜೆಯಾಗಿ ಉಳಿಯದೆ ಮನೆಗೆ ಬರುವುದು ನನ್ನಂಥ ಹಳಬನಿಗೆ ಗಂಟಲಲ್ಲಿ ಇಳಿಯದು. ನಿಮಗೆ ಹಾಗೆ ಅನಿಸಬೇಕೆಂದೇನಿಲ್ಲ. ಯಾವ ದಿನವೇ ಆಗಲಿ, ಪ್ರಮಾಣದ ಮರುದಿನದಿಂದ ಹಳೆಯ ಪಾಸ್‌ಪೋರ್ಟ್ ಹಿಡಿದು ಊರಿಗೆ ವಿಮಾನ ಹತ್ತಬೇಡಿ. ಅದನ್ನು ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ, ವಿದೇಶಿ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡಿಗೆ ಅದು ಬೇಕಾಗುತ್ತದೆ.